ಮೂರನೇ ಮನೆ

ನಮ್ಮ ಸೀಮೆಯಲ್ಲಿ ಆಷಾಢ ಬಂತೆಂದರೆ ಹೊಸ ಸೊಸೆಯನ್ನು ತವರಿಗೆ ಕಳಿಸಿಬಿಡುತ್ತಾರೆ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಹೊಸ ಗಂಡ ಹೆಂಡಿರು ಇವರ ಮನೆಯಲ್ಲೂ ಕೂಡಬಾರದು, ಅವರ ಮನೆಯಲ್ಲೂ ಕೂಡಬಾರದು. ಯಾಕೆ ಎಂದು ನಾನು ಕೇಳಿದಾಗಲೆಲ್ಲ ಅವ್ವ, "ಕೇಳ್ಬ್ಯಾಡ, ನಡಸ್ಕಂಡೋಗು" ಅನ್ನುತ್ತಿದ್ದಳು. ಆದರೆ ಈ ನೇಮ ಮಾಡಿದವರು ಪೂರಾ ಕಟುಕರೇನಲ್ಲ, ಒಂದು ಸಂದು ಬಿಟ್ಟಿದ್ದಾರೆ. ಎರಡೂ ಕಡೆಯದಲ್ಲದ ಮೂರನೆಯ ಮನೆಯೊಂದರಲ್ಲಿ, ಸೋದರತ್ತೆಯದೋ ಚಿಕ್ಕಮ್ಮನದೋ, ಊಟದ ನೆಪದಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರೆ ಯಾರೂ ತಪ್ಪು ಹಿಡಿಯುವುದಿಲ್ಲ. ದೊಡ್ಡವರೇ ಮುಂದೆ ನಿಂತು ಏರ್ಪಾಟು ಮಾಡಿ, ಆಮೇಲೆ ಏನೂ ತಿಳಿಯದವರ ಹಾಗೆ ಇದ್ದುಬಿಡುತ್ತಾರೆ.

ಈ ಮೂರನೇ ಮನೆಯ ಮಾತು ಬಂದರೆ ನಾನು ಈಗಲೂ ಎದ್ದು ಒಳಗೆ ಹೋಗುತ್ತೇನೆ. ಮಿಲಿಟರಿಯಲ್ಲಿದ್ದ ನಮ್ಮಣ್ಣ ಕೊನೆಯ ಸಲ ಊರಿಗೆ ಬಂದಾಗ ಅವನನ್ನೂ ಅತ್ತಿಗೆಯನ್ನೂ ಅಂಥ ಒಂದು ಮನೆಯಲ್ಲಿ ಸೇರಿಸುವ ಕೆಲಸವನ್ನು ನನಗೆ ವಹಿಸಿದ್ದರು.

ಅದು ಕಾರ್ಗಿಲ್ ಯುದ್ಧದ ವರ್ಷ. ನಮ್ಮದು ಪಾಂಡವಪುರದ ಹತ್ತಿರದ ಕ್ಯಾತನಹಳ್ಳಿ, ಕಬ್ಬು ಬೆಳೆಯುವ ಮನೆತನ. ಅಣ್ಣನ ಮದುವೆ ವೈಶಾಖದಲ್ಲಿ ಆಯಿತು. ಅತ್ತಿಗೆ ನಾಗಮಂಗಲದ ಬಳಿಯ ಹಳ್ಳಿಯವಳು, ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಹದಿನಾಲ್ಕನೆಯ ದಿನಕ್ಕೆ ಅಣ್ಣನಿಗೆ ತಂತಿ ಬಂತು, ಅಂದೇ ಹೊರಟ. ಬೆಂಗಳೂರಿಗೆ ಹೋಗಿ ಅದೇನೋ ತರಬೇತಿ ಮುಗಿಸಬೇಕು, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೊರಡಬೇಕು. ಎಲ್ಲಿಗೆ ಎಂಬುದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಅಪ್ಪ ರೇಡಿಯೊದಲ್ಲಿ ವಾರ್ತೆ ಕೇಳುವಾಗ ಅವ್ವ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು, ಕೇಳಿಸದಿರಲಿ ಎಂದು.

ಆ ಬೇಸಿಗೆ ನಮ್ಮ ಮನೆಗೆ ಒಂದು ಕಾದಂಬರಿ ಬಂತು. ನಾನಾಗ ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಬಸ್ ಸ್ಟ್ಯಾಂಡಿನ ಎದುರು ರಿಟೈರಾದ ಮೇಷ್ಟ್ರೊಬ್ಬರು ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಅಂಗಡಿ ಇಟ್ಟಿದ್ದರು. ಅಂಗಡಿಯ ಮುಂದೆ ಒಂದು ಬೆಂಚು. ಅಲ್ಲಿಂದ ತಂದ ಆ ಪುಸ್ತಕದ ಮೊದಲ ಹಾಳೆಗಳು ಎಂದೋ ಕಿತ್ತುಹೋಗಿದ್ದವು. ಹೆಸರೇನು, ಬರೆದವರಾರು, ಒಂದೂ ತಿಳಿಯದು. ಎರಡು ಭಾಗದ ಕತೆ. ಯಾವುದೋ ದೇಶ, ಯಾವುದೋ ಯುದ್ಧ. ದೋಣಿ ನಡೆಸುವವನನ್ನು ಸೈನ್ಯಕ್ಕೆ ಹಿಡಿದುಕೊಂಡು ಹೋಗುತ್ತಾರೆ, ಅವನನ್ನು ಮೆಚ್ಚಿದ ನೇಯ್ಗೆಯವಳು ಹುಡುಕಿಕೊಂಡು ಹೊರಡುತ್ತಾಳೆ. ಒಂದು ಅಧ್ಯಾಯ ಅವನದು, ಒಂದು ಅವಳದು. ಅವನು ತಪ್ಪಿಸಿಕೊಂಡು ಊರ ಕಡೆ ನಡೆಯುತ್ತಿದ್ದಾನೆ, ಅವಳು ಊರು ಬಿಟ್ಟು ಅವನ ಕಡೆ ನಡೆಯುತ್ತಿದ್ದಾಳೆ. ಒಂದು ರಾತ್ರಿ ಇಬ್ಬರೂ ಒಂದೇ ಛತ್ರದಲ್ಲಿ ಗೋಡೆಯ ಆಚೆ ಈಚೆ ಮಲಗಿ, ಬೆಳಿಗ್ಗೆ ಎದ್ದು ಒಬ್ಬರು ಮೂಡಲಿಗೆ, ಒಬ್ಬರು ಪಡುವಲಿಗೆ ಹೋಗುತ್ತಾರೆ.

ಅತ್ತಿಗೆ ಗಟ್ಟಿಯಾಗಿ ಓದುವಳು. ಅವ್ವ ರಾಗಿ ಕೇರುತ್ತ ಕೇಳುವಳು. ಛತ್ರದ ಅಧ್ಯಾಯ ಮುಗಿದಾಗ ಅವ್ವ ಮೊರ ಕೆಳಗಿಟ್ಟು, "ಆ ಮುಂಡೇವ್ಕೆ ಒಂದ್ಕಡೆ ಕುಂತ್ಕಳಕೆ ಏನಾಗಿತ್ತು?" ಎಂದು ರೇಗಿದಳು. ನಾನು ಕಾಲೇಜಿಗೆ ಹೋಗುವವಳು, ನನ್ನದು ಇನ್ನೂ ಒಂದು ಕೈ ಮೇಲೆ. "ಇವಕ್ಕೆ ಬುದ್ಧಿ ಇಲ್ಲ ಕಣವ್ವ. ಯಾರ ಕೈಲಾದ್ರೂ ಒಂದ್ ಮಾತು ಏಳಿ ಕಳ್ಸಿದ್ರೆ ಆಗ್ತಿತ್ತು," ಎಂದು ತೀರ್ಪು ಕೊಟ್ಟೆ. ಅತ್ತಿಗೆ ಮಾತ್ರ ಅವರನ್ನು ಬೈಯಲಿಲ್ಲ. "ಕಾಯ್ತಾ ಕೂರೋದು ಎಂಗಿರ್ತದೆ ಅಂತ ನಿಂಗೇನು ಗೊತ್ತು ಅಮ್ಮಿ," ಎಂದು ಪುಟ ತಿರುವಿದಳು.

ಮೊದಲ ಭಾಗ ಮುಗಿಯಿತು. ಎರಡನೆಯದನ್ನು ಯಾರೋ ತೆಗೆದುಕೊಂಡು ಹೋಗಿ ವಾಪಸು ಕೊಟ್ಟಿರಲಿಲ್ಲ. ಅಷ್ಟರಲ್ಲಿ ಆಷಾಢ ಬಂತು, ಅತ್ತಿಗೆಯ ಅಪ್ಪ ಕರೆಯಲು ಬಂದರು. ಹೊರಡುವಾಗ ಅವಳು ನನ್ನ ಕೈ ಹಿಡಿದು, "ಎರಡ್ನೇದು ಸಿಕ್ರೆ ನಾನಿಲ್ದೆ ಓದ್ಬ್ಯಾಡ," ಎಂದಳು. ನಾನು ಆಣೆ ಇಟ್ಟೆ.

ಆಷಾಢದ ಮೊದಲ ಶನಿವಾರ ಬೆಳಿಗ್ಗೆ ಅಣ್ಣ ಹೇಳದೆ ಕೇಳದೆ ಬಂದು ಜಗುಲಿಯ ಮೇಲೆ ಚೀಲ ಇಟ್ಟ. ಕೂದಲು ಇನ್ನೂ ಗಿಡ್ಡ ಮಾಡಿಸಿದ್ದ. ಇದ್ದದ್ದು ಒಂದೇ ದಿನದ ರಜೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಶ್ರೀರಂಗಪಟ್ಟಣದಲ್ಲಿ ರೈಲು ಹತ್ತಬೇಕು, ಅದೇ ಸಂಜೆ ಬೆಂಗಳೂರಿನಿಂದ ಉತ್ತರಕ್ಕೆ. ಕಾಫಿ ಕುಡಿದವನೇ, "ನಾನು ನಾಗಮಂಗ್ಲಕ್ಕೆ ಓಗ್ಬುಟ್ ಬತ್ತೀನಿ," ಎಂದ.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಆಷಾಢದಲ್ಲಿ ಮಾವನ ಮನೆ ಮೆಟ್ಲು ತುಳೀತೀಯಾ? ಬ್ಯಾರೆ ಕಾಲ ಆಗಿದ್ರೆ ಓಗ್ಲಿ ಬುಡು ಅಂತಿದ್ದೆ. ಗುಂಡಿನ್ ಮುಂದೆ ಓಗೋನು, ನೇಮ ಮೀರ್ಬಾರ್ದು ಕಣ್ಲಾ."

ಹೆದರಿಕೆ ಹೆಚ್ಚಿದಷ್ಟೂ ನಮ್ಮವರು ನೇಮವನ್ನು ಬಿಗಿಯಾಗಿ ಹಿಡಿಯುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಸರ್ಕಾರ ಒಂದು ದಿನ ಬಿಟ್ಟರೂ ಅವ್ವ ಬಿಡಲಿಲ್ಲ. ಆದರೆ ಮಗನ ಮುಖ ನೋಡಲಾರದೆ ಅವಳೇ ದಾರಿಯನ್ನೂ ಹುಡುಕಿದಳು. ಬೆಳಗೊಳದಲ್ಲಿ ನಮ್ಮ ಸೋದರತ್ತೆಯ ಮನೆ ಇದೆ. ಅಣ್ಣ ಮಧ್ಯಾಹ್ನ ಅಲ್ಲಿಗೆ ಹೋಗಿರಲಿ. ನಾನು ನಾಗಮಂಗಲಕ್ಕೆ ಹೋಗಿ ಅತ್ತಿಗೆಯನ್ನು ಕರೆದುಕೊಂಡು, ನಮ್ಮ ಮನೆ ಮುಟ್ಟದೆ ಸೀದಾ ಬೆಳಗೊಳಕ್ಕೆ ಬರಲಿ. ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಅಲ್ಲಿಂದಲೇ ಹೋಗಬಹುದು. ಅಪ್ಪನೂ ತಲೆಯಾಡಿಸಿದ.

ನಾನು ಚಪ್ಪಲಿ ಮೆಟ್ಟುವಾಗ ಅಣ್ಣ ಹಿಂದೆಯೇ ಬಂದು ಮೆಲ್ಲಗೆ ಹೇಳಿದ. "ಅವ್ಳಿಗೆ ಕಾಗ್ದ ಬರ್ದಿದ್ದೆ, ಶನಿವಾರ ಬಂದ್ರೂ ಬರ್ಬೋದು ಅಂತ. ಕಾಯ್ತಿರ್ತಾಳೆ ಕಣೇ. ಬಿರ್ನೆ ಓಗು." ಬಿರ್ನೆ ಎಂದರೆ ಬೇಗ. ಅವನು ನನ್ನ ಹತ್ತಿರ ಏನನ್ನಾದರೂ ಬೇಡಿಕೊಂಡಂತೆ ಮಾತಾಡಿದ್ದು ಅದೊಂದೇ ಸಲ.

ನಾನು ಪಾಂಡವಪುರಕ್ಕೆ ಹೋಗಿ ಅಲ್ಲಿಂದ ನೇರ ನಾಗಮಂಗಲದ ಬಸ್ಸು ಹಿಡಿಯಬೇಕಿತ್ತು. ಊರ ಮುಂದಿನ ರಸ್ತೆಗೆ ಬಂದರೆ ಮೊದಲು ಕಾಣಿಸಿದ್ದು ಕೆ.ಆರ್.ಪೇಟೆಯ ಬಸ್ಸು. ಕೆ.ಆರ್.ಪೇಟೆಯಿಂದಲೂ ನಾಗಮಂಗಲಕ್ಕೆ ಬಸ್ಸಿದೆ, ದಾರಿ ಸ್ವಲ್ಪ ಸುತ್ತು ಅಷ್ಟೆ. ಕಾಯುತ್ತ ನಿಲ್ಲುವುದಕ್ಕಿಂತ ಸಿಕ್ಕಿದ್ದು ಹತ್ತುವುದು ವಾಸಿ ಎಂದು ನನಗೆ ನಾನೇ ಹೇಳಿಕೊಂಡು ಹತ್ತಿದೆ. ನಿಜ ಬೇರೆ ಇತ್ತು. ಎರಡನೆಯ ಭಾಗ ವಾಪಸು ಬಂದಿದೆ, ಶನಿವಾರದವರೆಗೆ ನಿನಗಾಗಿ ಎತ್ತಿಟ್ಟಿರುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ತೆಗೆದುಕೊಂಡು ಅತ್ತಿಗೆಗೇ ಕೊಡೋಣ, ಅಣ್ಣ ಹೋದ ಮೇಲೆ ಉಳಿದ ಆಷಾಢ ಕಳೆಯಲು ಅವಳಿಗೆ ಏನಾದರೂ ಬೇಕಲ್ಲ ಎಂದುಕೊಂಡೆ. ಇದು ಸುಳ್ಳಲ್ಲ. ಇದನ್ನು ಮಾತ್ರ ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಕೆ.ಆರ್.ಪೇಟೆ ತಲುಪಿದಾಗ ಹನ್ನೊಂದೂವರೆ. ನಾಗಮಂಗಲದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಪುಸ್ತಕ ತೆಗೆದುಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತೆ. ಮೊದಲ ಪುಟ ಮಾತ್ರ ನೋಡೋಣ ಎಂದೇ ತೆರೆದದ್ದು. ದೋಣಿಯವನು ಜ್ವರ ಬಂದು ಯಾವುದೋ ಮುದುಕಿಯ ಮನೆಯಲ್ಲಿ ಬಿದ್ದಿದ್ದ. ನೇಯ್ಗೆಯವಳು ಅದೇ ಊರಿನ ಬಾವಿಯಲ್ಲಿ ನೀರು ಕುಡಿಯುತ್ತಿದ್ದಳು. ಹನ್ನೆರಡರ ಬಸ್ಸು ಹೋಯಿತು. ಒಂದೂವರೆಗೆ ಇನ್ನೊಂದಿದೆ, ಅದಕ್ಕೆ ಹೋದರೂ ಕತ್ತಲಾಗುವುದರೊಳಗೆ ಬೆಳಗೊಳ ಸೇರಬಹುದು ಎಂದು ಲೆಕ್ಕ ಹಾಕಿದೆ. ಒಂದೂವರೆಯದೂ ಹೋಯಿತು. ಅದು ಹೊರಡುವಾಗ ಕಂಡಕ್ಟರ್ ಊರಿನ ಹೆಸರು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ತಲೆ ಎತ್ತಲಿಲ್ಲ. ಮುದುಕಿ ಅವಳಿಗೆ ಹೇಳಿಬಿಡುತ್ತಾಳೋ ಇಲ್ಲವೋ ಎಂಬುದು ಆ ಗಳಿಗೆಯಲ್ಲಿ ನನಗೆ ಲೋಕದ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಮುದುಕಿ ಹೇಳಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಓದಿದೆ. ಬೆಂಚಿನ ಮೇಲೆ ಕೂತು, ಹುಟ್ಟದೇ ಇದ್ದ ಇಬ್ಬರಿಗಾಗಿ ಕಣ್ಣೀರು ಹಾಕಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿ ಗಡಿಗೆಗೆ ಬಿತ್ತಂತೆ, ಹಾಗೆ. ಮೇಷ್ಟ್ರು, "ಏನಮ್ಮ, ಇವತ್ತು ಊರಿಗೆ ಹೋಗಲ್ವಾ?" ಎಂದು ಕೇಳಿದಾಗ ಗಡಿಯಾರ ನೋಡಿದರೆ ನಾಲ್ಕು ಗಂಟೆಯಾಗಿತ್ತು.

ನಾಲ್ಕೂವರೆಯ ಬಸ್ಸಿಗೆ ಓಡಿದೆ. ಕ್ರಾಸಿನಲ್ಲಿ ಇಳಿದು ಅತ್ತಿಗೆಯ ಊರಿಗೆ ನಡೆದು ಬಂದಾಗ ಆರು. ಅತ್ತಿಗೆಯ ತಾಯಿ ಹಟ್ಟಿಯ ಮುಂದೆ ದನ ಕಟ್ಟುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಇದೇನವ್ವ, ನೀನಿಲ್ಲಿ? ಅವ್ಳ ಬೆಳಿಗ್ಗೆನೇ ಅವ್ರಪ್ಪ ಕೆ.ಆರ್.ಪ್ಯಾಟೆಗೆ ಕರ್ಕಂಡೋದ್ರಲ್ಲ. ನಮ್ ತಮ್ಮನ ಮನೆಗೆ. ಅಳಿಯಂದ್ರು ಬಂದ್ರೆ ಅಲ್ಲಿಗೆ ಕಳ್ಸಿ ಅಂತ ನಿಮ್ಮಪ್ಪಂಗೆ ಕಾರ್ಡ್ ಬರ್ದಿದ್ವಲ್ಲ, ಬರ್ನಿಲ್ವಾ?"

ಕಾರ್ಡು ಬಂದಿರಲಿಲ್ಲ. ಅವರೂ ನಮ್ಮಂಥವರೇ, ನೇಮದವರೇ, ಮಗಳ ಮೇಲೆ ಮಮತೆ ಇದ್ದವರೇ. ನಾವೊಂದು ಮೂರನೇ ಮನೆ ಹುಡುಕಿದ್ದೆವು, ಅವರೊಂದು ಹುಡುಕಿದ್ದರು. ಅಣ್ಣ ಬೆಳಗೊಳದಲ್ಲಿ ಕೂತಿದ್ದ, ಅತ್ತಿಗೆ ಕೆ.ಆರ್.ಪೇಟೆಯಲ್ಲಿ ಕೂತಿದ್ದಳು. ಇಬ್ಬರೂ ಒಂದು ಕಡೆ ಕೂತೇ ಇದ್ದರು. ಅತ್ತ ಇತ್ತ ತಿರುಗಬೇಕಾದವಳು ನಾನೊಬ್ಬಳು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮಧ್ಯಾಹ್ನವೇ ವಿಷಯ ತಿಳಿದು, ತಿರುಗಿ ಹೋಗಿ, ಅವಳನ್ನು ಎಂಟು ಗಂಟೆಯೊಳಗೆ ಬೆಳಗೊಳ ಸೇರಿಸಬಹುದಿತ್ತು. ಈಗ ಆ ಕಡೆ ಹೋಗುವ ಬಸ್ಸೇ ಇರಲಿಲ್ಲ.

ಏಳು ಗಂಟೆಗೆ, ನನ್ನ ಹಿಂದಿನ ಬಸ್ಸಿಗೆ ಬಂದಿಳಿದ ಅಪ್ಪ ಮಗಳು ನಡೆದು ಬಂದರು. ಅತ್ತಿಗೆ ರೇಷ್ಮೆಯಲ್ಲದ, ಆದರೆ ಒಳ್ಳೆಯ ಸೀರೆ ಉಟ್ಟಿದ್ದಳು. ತಲೆಗೆ ಮಲ್ಲಿಗೆ ಇತ್ತು, ಬಾಡಿತ್ತು. ಜಗುಲಿಯ ಮೇಲೆ ನನ್ನನ್ನು ಕಂಡು ಅಂಗಳದಲ್ಲೇ ನಿಂತುಬಿಟ್ಟಳು.

"ನಿಮ್ಮಣ್ಣ ಬಂದವ್ರಾ?"

ಹೌದೆಂದು ತಲೆಯಾಡಿಸಿದೆ. ಬೆಳಗೊಳದ ವಿಷಯ ಹೇಳಿದೆ. ಬೆಳಿಗ್ಗೆ ಏಳರ ರೈಲು ಎಂದೂ ಹೇಳಿದೆ. ಅವಳ ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ಕೂತುಬಿಟ್ಟರು. ಆಮೇಲೆ ಎದ್ದು ಕಾರು ಕೇಳಲು ಹೋದರು. ಊರಲ್ಲಿ ಕಾರಿದ್ದವರು ಒಬ್ಬರೇ, ಅವರು ಬೆಂಗಳೂರಿಗೆ ಹೋಗಿದ್ದರು. ಅತ್ತಿಗೆ ಅಷ್ಟು ಹೊತ್ತೂ ಕಂಬ ಹಿಡಿದುಕೊಂಡು ನಿಂತಿದ್ದಳು.

"ನೀನು ಊರು ಬಿಟ್ಟಿದ್ದು ಎಷ್ಟೊತ್ಗೆ ಅಮ್ಮಿ?" ಎಂದು ಕೇಳಿದಳು.

"ಹತ್ತೂವರೆಗೆ. ಬಸ್ಸು ಕೆಟ್ಟು ಚಿನಕುರಳಿ ಹತ್ರ ನಿಂತೋಯ್ತು ಅತ್ಗೆ. ರಿಪೇರಿ ಆಗಗಂಟ ಅಲ್ಲೇ ಇದ್ದೋ," ಎಂದೆ. ಮಾತು ತಾನಾಗೇ ಬಂತು. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆಯ್ತು ಬುಡು. ಬಸ್ಸು ಕೆಡ್ತವೆ," ಎಂದು ಒಳಗೆ ಹೋದಳು. ಪುಸ್ತಕ ನನ್ನ ಚೀಲದಲ್ಲಿ ಬಟ್ಟೆಯ ಕೆಳಗಿತ್ತು. ಅದನ್ನು ಅವಳಿಗೆ ಕೊಡಲಿಲ್ಲ.

ಕೋಳಿ ಕೂಗುವ ಮುಂಚೆ ಮೂವರೂ ನಾಗಮಂಗಲಕ್ಕೆ ನಡೆದು ಮೊದಲ ಬಸ್ಸು ಹಿಡಿದೆವು. ಜಕ್ಕನಹಳ್ಳಿ ದಾಟುವಾಗ ಬೆಳಕು ಹರಿಯಿತು. ಪಾಂಡವಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಡ್ರೈವರ್ ಟೀ ಕುಡಿಯಲು ಇಳಿದ. ಅತ್ತಿಗೆ ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಆ ರೈಲು ಲೇಟಾಗದ ದಿನವೇ ಇಲ್ಲ ಎಂದು ಅವಳ ಅಪ್ಪ ನಾಲ್ಕು ಸಲ ಹೇಳಿದರು. ಆವತ್ತು ಅದು ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗಿತ್ತು. ಶ್ರೀರಂಗಪಟ್ಟಣದ ಸ್ಟೇಷನ್ನಿನಿಂದ ನಮ್ಮಪ್ಪ ಒಬ್ಬನೇ ಹೊರಗೆ ಬರುತ್ತಿದ್ದ. ನಮ್ಮನ್ನು ಕಂಡು ಬೀಗರ ಕೈ ಹಿಡಿದುಕೊಂಡು ನಿಂತ. ಅತ್ತಿಗೆ ಒಳಗೆ ಹೋಗಿ ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ಸ್ವಲ್ಪ ದೂರ ನಡೆದು, ತಿರುಗಿ ಬಂದಳು. ಬೆಳಗೊಳಕ್ಕೆ ಬಂದು ಊಟ ಮಾಡಿಕೊಂಡು ಹೋಗಮ್ಮ ಎಂದು ನಮ್ಮಪ್ಪ ಎಷ್ಟು ಹೇಳಿದರೂ ಬರಲಿಲ್ಲ. ಬಂದ ದಾರಿಯಲ್ಲೇ ವಾಪಸು ಹೋದಳು.

ಅಣ್ಣ ಆ ಸಂಜೆ ಹೇಗಿದ್ದ ಎಂದು ಸೋದರತ್ತೆ ಆಮೇಲೆ ಹೇಳಿದಳು. ಬಸ್ಸಿನ ಸದ್ದಾದಾಗಲೆಲ್ಲ ರಸ್ತೆಗೆ ಹೋಗಿ ನಿಲ್ಲುತ್ತಿದ್ದನಂತೆ. ಕೊನೆಯ ಬಸ್ಸೂ ಹೋದ ಮೇಲೆ ಅತ್ತೆ ಬೇಜಾರು ಮಾಡಿಕೊಂಡರೆ ಅವನೇ ಸಮಾಧಾನ ಹೇಳಿದನಂತೆ. "ಬಸ್ಸು ಸಿಕ್ಕಿಲ್ಲ ಅಂತ ಕಾಣ್ತದೆ. ನನ್ ತಂಗಿ ಗಟ್ಟಿಗಿತ್ತಿ ಕಣತ್ತೆ, ಎಂಗಾರ ಮಾಡಿ ಬೆಳಿಗ್ಗೆ ಟೇಸನ್‌ಗಾದ್ರೂ ಕರ್ಕಂಡ್ ಬತ್ತಾಳೆ."

ಸೋಮವಾರ ಪೋಸ್ಟಿನವನು ಕಾರ್ಡು ತಂದುಕೊಟ್ಟ. ಅಪ್ಪ ಗಟ್ಟಿಯಾಗಿ ಓದಿದ. ಅಳಿಯಂದಿರು ಬಂದರೆ ದಯಮಾಡಿ ಕೆ.ಆರ್.ಪೇಟೆಗೆ ಕಳಿಸಿಕೊಡಬೇಕು, ಮಗಳನ್ನು ಅಲ್ಲಿ ಇಟ್ಟುಕೊಂಡು ಕಾಯುತ್ತಿರುತ್ತೇವೆ. ಅವ್ವ ಹಣೆ ಹಣೆ ಚಚ್ಚಿಕೊಂಡಳು. ನನಗೆ ಒಳಗೊಳಗೇ ಹಗುರವಾಯಿತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ತಪ್ಪಿಗೆ ಒಂದು ಕಾರ್ಡು ಸಿಕ್ಕಿತ್ತಲ್ಲ. ಎಲ್ಲರೂ ಅದನ್ನೇ ಬೈದರು, ನಾನೂ ಬೈದೆ.

ಯುದ್ಧ ಮುಗಿಯಿತು. ಅಣ್ಣನಿಗೆ ಏನೂ ಆಗಿರಲಿಲ್ಲ. ಶ್ರಾವಣದಲ್ಲಿ ಅತ್ತಿಗೆ ನಮ್ಮ ಮನೆಗೆ ಬಂದಳು, ದೀಪಾವಳಿಗೆ ರಜೆ ಸಿಗುತ್ತದೆ ಎಂದು ಕಾಗದ ಬಂತು. ಅವ್ವ ಮತ್ತೆ ರೇಡಿಯೊ ಪಕ್ಕದಲ್ಲೇ ಕೂತು ರಾಗಿ ಕೇರತೊಡಗಿದಳು. ನವರಾತ್ರಿ ಕಳೆದ ಮೇಲೆ ಸುದ್ದಿ ಬಂತು. ಬೆಟ್ಟದ ರಸ್ತೆ ಕುಸಿದು, ಅವನಿದ್ದ ಲಾರಿ ಕಣಿವೆಗೆ ಬಿದ್ದಿತ್ತು. ಗುಂಡಲ್ಲ, ಶತ್ರುವಲ್ಲ, ಮಣ್ಣು ಸಡಿಲವಾಗಿತ್ತು ಅಷ್ಟೆ. ಅವನನ್ನು ಪೆಟ್ಟಿಗೆಯಲ್ಲಿ ತಂದರು. ಪೆಟ್ಟಿಗೆ ತೆರೆಯಬೇಡಿ ಎಂದರು. ಅತ್ತಿಗೆ ಅವನ ಮುಖ ನೋಡಿದ್ದು ಮದುವೆಯಾದ ಹದಿನಾಲ್ಕನೆಯ ದಿನವೇ ಕೊನೆ.

ಅವ್ವ ಅವಳನ್ನು ತಬ್ಬಿಕೊಂಡು ಅದೊಂದನ್ನೇ ಹೇಳಿ ಅಳುತ್ತಿದ್ದಳು. "ನಾನು ಪಾಪಿ ಕಣ್ ಮಗ. ನೇಮ ನೇಮ ಅಂತ ಬಾಗ್ಲಿಗ್ ಅಡ್ಡ ನಿಂತ್ಕಂಡೆ. ಅವತ್ತು ಬುಟ್ಟಿದ್ರೆ ಓಗಿ ನೋಡ್ಕಂಡ್ ಬತ್ತಿದ್ದ." ನಾನು ಪಕ್ಕದಲ್ಲೇ ಇರುತ್ತಿದ್ದೆ. ಹೇಳಬೇಕೆಂದು ಬಾಯಿಗೆ ಬರುತ್ತಿತ್ತು, ಹೇಳುತ್ತಿರಲಿಲ್ಲ. ಒಂದು ದಿನ ಹೇಳಿದರೆ ಸಾಕು ಎಂದುಕೊಂಡು ದಿನ ದೂಡುತ್ತಿದ್ದೆ.

ವರ್ಷದ ಕೊನೆಯಲ್ಲಿ ಅತ್ತಿಗೆ ತವರಿಗೆ ಹೋಗುವುದೆಂದಾಯಿತು. ಆವತ್ತೂ ಮೊದಲು ಸಿಕ್ಕಿದ್ದು ಆ ಕಡೆಯ ಬಸ್ಸೇ, ಅವಳನ್ನು ಕೆ.ಆರ್.ಪೇಟೆಯವರೆಗೆ ಬಿಟ್ಟು ಬರಲು ನಾನು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಚೀಲ ಇಟ್ಟುಕೊಂಡು ಕೂತಿದ್ದೆವು. ಎದುರಿಗೇ ಮೇಷ್ಟ್ರ ಅಂಗಡಿ. ನನಗೆ ತಡೆಯಲಾಗಲಿಲ್ಲ.

"ಅತ್ಗೆ, ಅವತ್ತು ಬಸ್ಸು ಕೆಟ್ಟಿರ್ಲಿಲ್ಲ."

"ಗೊತ್ತು ಕಣಮ್ಮಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ನೋಡಿದ್ದೆ ನಿನ್ನ. ಹೂ ತತ್ತೀನಿ ಅಂತ ಸೋದರಮಾವನ ಮನೆಯಿಂದ ಈಚೆಗೆ ಬಂದಿದ್ದೆ. ಯಾವ್ದಾದ್ರೂ ಬಸ್ಸಲ್ಲಿ ಇಳೀತಾರೇನೋ ಅಂತ. ಮೂರು ಗಂಟೆ ಇರ್ಬೋದು. ನೀನು ಅಲ್ಲಿ ಬೆಂಚಿನ್ ಮ್ಯಾಲೆ ಕುಂತಿದ್ದೆ."

"ಕೂಗ್ಬಾರ್ದಿತ್ತಾ?"

"ಆಷಾಢದಲ್ಲಿ ಗಂಡನ್ ಉಡುಕ್ಕಂಡು ಬೀದಿಗೆ ಬಂದವ್ಳೆ ಅಂತ ನೀನು ನಗಾಡ್ತೀಯ ಅಂತ ನಾಚ್ಕೆ ಆಯ್ತು. ಆಮ್ಯಾಕೆ ನೋಡುದ್ರೆ ನೀನು ಅಷ್ಟು ನೆಮ್ಮದಿಯಾಗಿ ಓದ್ತಾ ಇದ್ದೆ. ನಿಮ್ಮಣ್ಣ ಬಂದಿದ್ರೆ ಇವ್ಳು ಇಲ್ಲಿ ಇಂಗೆ ಕೂತಿರ್ತಿದ್ಲಾ, ಬಂದಿಲ್ಲ ಅಂತ ಗ್ಯಾರಂಟಿ ಆಯ್ತು. ಓಗಿ ಅಪ್ಪಂಗೆ ಏಳ್ದೆ, ನಡೀಯಪ್ಪ ಊರ್ಗೆ, ಅವ್ರು ಬರ್ನಿಲ್ಲ ಅಂತ."

ನಾಗಮಂಗಲದ ಬಸ್ಸು ಬಂತು. ಅವಳೇ ಚೀಲ ಎತ್ತಿಕೊಂಡು ಹತ್ತಿ ಕಿಟಕಿಯ ಪಕ್ಕ ಕೂತಳು. ಅಳುವ ಹಕ್ಕೂ ಇಲ್ಲದವಳ ಹಾಗೆ ನಾನು ಕೆಳಗೆ ನಿಂತಿದ್ದೆ.

"ನಂಗೆ ಏಳಿದ್ದು ಆಯ್ತು ಬುಡು," ಎಂದಳು ಕಿಟಕಿಯಿಂದ. "ಇವತ್ತು ಓಗಿ ನಿಮ್ಮವ್ವಂಗೆ ಏಳ್ಬುಡು ಅಮ್ಮಿ. ಪಾಪ, ತಾನೇ ಮಾಡ್ದೆ ಅನ್ಕಂಡ್ ಸಾಯ್ತಾವ್ರೆ."

ಆಗಲಿ ಎಂದೆ. ಅವ್ವ ಆಮೇಲೆ ಹದಿನೇಳು ವರ್ಷ ಬದುಕಿದ್ದಳು. ನಾನು ಹೇಳಲಿಲ್ಲ.